ತೆಂಗು: ಅಮೃತವೆ, ವಿಷವೆ?
ಆರೋಗ್ಯದ ಮಾತನ್ನು ತೂಗಿ ನೋಡುವ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಎತ್ತ ನೋಡಿದರೂ ತೆಂಗಿನ ತೋಟಗಳೇ ಕಾಣುತ್ತವೆ. ತುಮಕೂರು ಜಿಲ್ಲೆಗೆ ಕಲ್ಪತರು ನಾಡೆಂಬ ಹೆಸರು ಬಂದಿರುವುದು ಈ ಮರದಿಂದಲೇ. ಬಲಿತ ಕಾಯನ್ನು ಮಟ್ಟೆ ಸಹಿತವಾಗಿ ಅಟ್ಟದ ಮೇಲೆ ಹತ್ತಾರು ತಿಂಗಳು ಇಟ್ಟರೆ, ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದಾಗ ಸದ್ದುಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಯಿಂದ ಈ ಕೊಬ್ಬರಿ ಉತ್ತರ ಭಾರತದ ದೂರದ ಊರುಗಳಿಗೂ ಹೋಗುತ್ತದೆ. ಅದರ ಧಾರಣೆ ಏರಿದರೆ ಮನೆಯಲ್ಲಿ ಮದುವೆ ನಡೆಯುತ್ತದೆ. ಇಳಿದರೆ ಸಾಲ ಬೆಳೆಯುತ್ತದೆ. ಇಲ್ಲಿಯ ಜನರಿಗೆ ತೆಂಗು ಆಹಾರವೂ ಹೌದು, ಜೀವನೋಪಾಯವೂ ಹೌದು.

ಇಂತಹ ನಾಡಿನಲ್ಲಿ ಕೆಲವು ವರ್ಷಗಳಿಂದ ಎರಡು ವಿರುದ್ಧವಾದ ಮಾತುಗಳು ಮನೆಮನೆಗೂ ಬಂದು ಮುಟ್ಟುತ್ತಿವೆ. ಎದೆನೋವಿನಿಂದ ಆಸ್ಪತ್ರೆಗೆ ಹೋಗಿ ಬಂದ ಹಿರಿಯರಿಗೆ “ಇನ್ನು ಕಾಯಿ ಮುಟ್ಟಬೇಡಿ” ಎಂದು ಒಬ್ಬರು ಹೇಳುತ್ತಾರೆ. ಅದೇ ಸಂಜೆ ಅವರ ಮೊಮ್ಮಗನ ಮೊಬೈಲಿಗೆ “ದಿನಕ್ಕೆರಡು ಚಮಚ ಕೊಬ್ಬರಿ ಎಣ್ಣೆ ಕುಡಿದರೆ ಹೃದ್ರೋಗ, ಸ್ಥೂಲಕಾಯ, ಮರೆವು ಎಲ್ಲವೂ ಮಾಯ, ಮಾತ್ರೆಗಳೇ ಬೇಡ” ಎಂಬ ಸಂದೇಶ ಬರುತ್ತದೆ. ಮೊದಲನೆಯ ಮಾತನ್ನು ಅಕ್ಷರಶಃ ನಂಬಿದವರು ಜೀವಮಾನವೆಲ್ಲ ಉಂಡ ಚಟ್ನಿಯನ್ನೂ ಸಾರನ್ನೂ ಕಂಡು ಹೆದರುತ್ತಾರೆ. ಎರಡನೆಯದನ್ನು ನಂಬಿದವರು ಮಾತ್ರೆಯನ್ನು ನಿಲ್ಲಿಸಿ ಪ್ರಾಣಕ್ಕೇ ಸಂಚಕಾರ ತಂದುಕೊಳ್ಳಬಹುದು. ಹಾಗಾದರೆ ತೆಂಗು ಅಮೃತವೆ, ವಿಷವೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರೊಡನೆ, ಆರೋಗ್ಯವನ್ನು ಕುರಿತ ಯಾವ ಮಾತನ್ನಾದರೂ ಹೇಗೆ ತೂಗಿ ನೋಡಬೇಕೆಂಬುದನ್ನು ಇಲ್ಲಿ ವಿಚಾರಮಾಡೋಣ.

ತೆಂಗಿನ ಕೊಬ್ಬಿನ ಸ್ವಭಾವ

ಎಣ್ಣೆಯಾಗಲಿ ತುಪ್ಪವಾಗಲಿ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಜಾತಿಗೆ ಸೇರಿದ ವಸ್ತುಗಳು. ಇವುಗಳ ಪ್ರತಿಯೊಂದು ಅಣುವಿನಲ್ಲಿಯೂ ಗ್ಲಿಸರಿನ್ನಿಗೆ ಮೂರು ಮೇದಾಮ್ಲಗಳು ಅಂಟಿಕೊಂಡಿರುತ್ತವೆ. ಮೇದಾಮ್ಲವೆಂದರೆ ಇಂಗಾಲದ ಪರಮಾಣುಗಳ ಒಂದು ಸರಪಳಿ. ಆ ಸರಪಳಿಯಲ್ಲಿ ಹಿಡಿಸುವಷ್ಟು ಜಲಜನಕವೆಲ್ಲ ತುಂಬಿಕೊಂಡಿದ್ದರೆ ಅದು ಪರ್ಯಾಪ್ತ ಮೇದಾಮ್ಲ. ಇನ್ನೂ ಎಡೆ ಉಳಿದಿದ್ದರೆ ಅಪರ್ಯಾಪ್ತ ಮೇದಾಮ್ಲ. ಪರ್ಯಾಪ್ತವಾದ ಸರಪಳಿಗಳು ನೆಟ್ಟಗಿರುವುದರಿಂದ ಒಂದರ ಪಕ್ಕದಲ್ಲೊಂದು ಒತ್ತಾಗಿ ಜೋಡಿಸಿಕೊಂಡು ಬೇಗ ಗಟ್ಟಿಯಾಗುತ್ತವೆ. ಮಾಘಮಾಸದ ಮುಂಜಾನೆ ಶೀಸೆಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರುವುದನ್ನೂ, ಪಕ್ಕದಲ್ಲಿಯೇ ಕಡಲೆಕಾಯಿ ಎಣ್ಣೆ ನೀರಾಗಿಯೇ ಇರುವುದನ್ನೂ ಯಾರು ನೋಡಿಲ್ಲ? ಕೊಬ್ಬರಿ ಎಣ್ಣೆ ಸುಮಾರು ೨೪ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಅದರ ಮೇದಾಮ್ಲಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತವಾದುವು. ಕಡಲೆಕಾಯಿ ಎಣ್ಣೆಯಲ್ಲಿ ಇದು ನೂರಕ್ಕೆ ಇಪ್ಪತ್ತರ ಆಸುಪಾಸು.

ತೆಂಗಿನ ಕೊಬ್ಬಿಗೆ ಮತ್ತೊಂದು ವಿಶೇಷವುಂಟು. ಅದರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ; ಇದು ಹನ್ನೆರಡು ಇಂಗಾಲಗಳ ಸರಪಳಿ. ಎಂಟು ಮತ್ತು ಹತ್ತು ಇಂಗಾಲಗಳ ಇನ್ನೂ ಚಿಕ್ಕ ಆಮ್ಲಗಳು ನೂರಕ್ಕೆ ಹದಿನೈದರ ಒಳಗೆ ಇರುತ್ತವೆ. ಮಾಂಸದ ಕೊಬ್ಬಿನಲ್ಲಿ ಹದಿನಾರು, ಹದಿನೆಂಟು ಇಂಗಾಲಗಳ ಉದ್ದ ಸರಪಳಿಗಳೇ ಹೆಚ್ಚು. ತೆಂಗಿನ ಪರವಾಗಿ ವಾದಿಸುವವರು ಹಿಡಿದುಕೊಳ್ಳುವುದು ಈ ಉದ್ದದ ವ್ಯತ್ಯಾಸವನ್ನೇ. ಆದುದರಿಂದ ಇದನ್ನು ನೆನಪಿನಲ್ಲಿಡುವುದು ಅಗತ್ಯ.

ರಕ್ತದಲ್ಲಿ ನಡೆಯುವುದೇನು?

ಕೊಲೆಸ್ಟರಾಲ್ ನೀರಿನಲ್ಲಿ ಕರಗದ ವಸ್ತು. ರಕ್ತವಾದರೋ ಬಹುಪಾಲು ನೀರು. ಆದುದರಿಂದ ಯಕೃತ್ತು ಕೊಲೆಸ್ಟರಾಲನ್ನು ಪ್ರೋಟೀನಿನ ಹೊದಿಕೆಯುಳ್ಳ ಸಣ್ಣ ಕಣಗಳಲ್ಲಿ ತುಂಬಿ ಕಳುಹಿಸುತ್ತದೆ. ಇವುಗಳಲ್ಲಿ ಎಲ್.ಡಿ.ಎಲ್. ಎಂಬ ಕಣಗಳು ಹೆಚ್ಚಾದಾಗ ಅವು ಅಪಧಮನಿಯ ಒಳಗೋಡೆಯನ್ನು ಹೊಕ್ಕು ಅಲ್ಲಿ ಶೇಖರವಾಗುತ್ತವೆ. ಹಲವು ವರ್ಷಗಳಲ್ಲಿ ಆ ಜಾಗ ದಪ್ಪಗಾಗಿ, ಕೊನೆಗೊಂದು ದಿನ ಬಿರಿದು, ರಕ್ತ ಹೆಪ್ಪುಗಟ್ಟಿ, ಹೃದಯದ ಮಾಂಸಕ್ಕೆ ರಕ್ತ ಹೋಗುವ ದಾರಿ ಮುಚ್ಚಿಹೋಗಬಹುದು. ಹೃದಯಾಘಾತದ ಸಾಮಾನ್ಯ ಕಾರಣ ಇದೇ. ಪರ್ಯಾಪ್ತ ಕೊಬ್ಬನ್ನು ಹೆಚ್ಚಾಗಿ ತಿಂದಾಗ, ರಕ್ತದಿಂದ ಎಲ್.ಡಿ.ಎಲ್. ಕಣಗಳನ್ನು ಹಿಂದಕ್ಕೆ ಎಳೆದುಕೊಳ್ಳುವ ಯಕೃತ್ತಿನ ಶಕ್ತಿ ಕುಗ್ಗುತ್ತದೆ. ಕಣಗಳು ರಕ್ತದಲ್ಲಿಯೇ ಉಳಿಯುತ್ತವೆ.

ತೆಂಗಿನ ಎಣ್ಣೆಯೂ ಹೀಗೆಯೇ ಮಾಡುತ್ತದೆಯೆ? ಈ ವಿಷಯದಲ್ಲಿ ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಸಿಂಗಪುರದ ಸಂಶೋಧಕರು ೨೦೨೦ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಉಷ್ಣವಲಯದವಲ್ಲದ ಇತರ ಸಸ್ಯತೈಲಗಳನ್ನು ಸೇವಿಸಿದಾಗಿನದಕ್ಕೆ ಹೋಲಿಸಿದರೆ, ತೆಂಗಿನ ಎಣ್ಣೆಯನ್ನು ಸೇವಿಸಿದಾಗ ಎಲ್.ಡಿ.ಎಲ್. ಕೊಲೆಸ್ಟರಾಲ್ ನೂರು ಮಿಲಿಲೀಟರ್ ರಕ್ತಕ್ಕೆ ಸರಾಸರಿ ಹತ್ತು ಮಿಲಿಗ್ರಾಂನಷ್ಟು ಹೆಚ್ಚಾಗಿತ್ತು. ಒಳ್ಳೆಯದೆಂದು ಹೆಸರಾದ ಎಚ್.ಡಿ.ಎಲ್. ಕೂಡ ನಾಲ್ಕು ಮಿಲಿಗ್ರಾಂನಷ್ಟು ಹೆಚ್ಚಾಗಿತ್ತು.

“ಕೆಟ್ಟದ್ದರ ಜೊತೆಗೆ ಒಳ್ಳೆಯದೂ ಹೆಚ್ಚಿತಲ್ಲ, ಲೆಕ್ಕ ಸರಿಹೋಯಿತು” ಎಂದು ಕೆಲವರು ಸಮಾಧಾನಪಡುವುದುಂಟು. ವೈದ್ಯವಿಜ್ಞಾನ ಈ ಸಮಾಧಾನವನ್ನು ಒಪ್ಪುವುದಿಲ್ಲ. ಎಚ್.ಡಿ.ಎಲ್. ಅನ್ನು ಏರಿಸುವ ಔಷಧಗಳನ್ನು ತಯಾರಿಸಿ ರೋಗಿಗಳಿಗೆ ಕೊಟ್ಟು ನೋಡಿದಾಗ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಟಾರ್ಸೆಟ್ರಾಪಿಬ್ ಎಂಬ ಔಷಧ ಎಚ್.ಡಿ.ಎಲ್. ಅನ್ನು ಬಹಳವಾಗಿ ಏರಿಸಿತಾದರೂ, ಅದನ್ನು ಸೇವಿಸಿದವರಲ್ಲಿ ಸಾವುಗಳು ಹೆಚ್ಚಾದ ಕಾರಣ ೨೦೦೬ರ ಡಿಸೆಂಬರಿನಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಒಂದು ಅಂಕಿ ಏರಿದ ಮಾತ್ರಕ್ಕೆ ಪ್ರಾಣ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಮೃತವೆಂಬ ಮಾತು ಬಂದ ದಾರಿ

ತೆಂಗಿನ ಎಣ್ಣೆ ತೂಕವನ್ನು ಇಳಿಸುತ್ತದೆಂಬ ಮಾತು ಎಲ್ಲಿಂದ ಹುಟ್ಟಿತು? ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಶೋಧಕಿ ಮೇರಿ ಪಿಯರ್ ಸೇಂಟ್-ಓಂಜ್ ಮತ್ತು ಅವರ ಸಂಗಡಿಗರು, ಮಧ್ಯಮ ಉದ್ದದ ಸರಪಳಿಯ ಕೊಬ್ಬನ್ನು ತಿಂದವರ ತೂಕ ಸ್ವಲ್ಪ ಹೆಚ್ಚಾಗಿ ಇಳಿಯುತ್ತದೆಂದು ತೋರಿಸಿದ್ದರು. ಆ ಚಿಕ್ಕ ಸರಪಳಿಗಳು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಬೇಗನೆ ಉರಿದುಹೋಗುತ್ತವೆ. ಆದರೆ ಅವರು ಉಪಯೋಗಿಸಿದ್ದು ವಿಶೇಷವಾಗಿ ತಯಾರಿಸಿದ ಎಣ್ಣೆ. ಅದರಲ್ಲಿ ಇದ್ದುದೆಲ್ಲ ಮಧ್ಯಮ ಸರಪಳಿಗಳೇ, ಮುಖ್ಯವಾಗಿ ಎಂಟು ಮತ್ತು ಹತ್ತು ಇಂಗಾಲದವು. ನಮ್ಮ ಎಣ್ಣೆಯಲ್ಲಿ ಅವು ನೂರಕ್ಕೆ ಹದಿನೈದರಷ್ಟೂ ಇಲ್ಲವೆಂಬುದನ್ನು ಮೇಲೆಯೇ ಹೇಳಿದೆ. ಮಿಕ್ಕ ಲಾರಿಕ್ ಆಮ್ಲದ ಬಹುಭಾಗ ಉದ್ದ ಸರಪಳಿಯ ಕೊಬ್ಬಿನಂತೆಯೇ ದುಗ್ಧರಸದ ನಾಳಗಳ ಮೂಲಕ ರಕ್ತಕ್ಕೆ ಸೇರುತ್ತದೆ. ಒಂದು ಎಣ್ಣೆಯ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದು ಎಣ್ಣೆಯ ಶೀಸೆಗೆ ಅಂಟಿಸಿದಂತಾಯಿತು. ತಮ್ಮ ಸಂಶೋಧನೆಗೆ ಇಂತಹ ಅರ್ಥ ಹಚ್ಚುವುದು ಸರಿಯಲ್ಲವೆಂದು ಆ ಸಂಶೋಧಕಿಯೇ ಹೇಳಿದ್ದಾರೆ.

ಇನ್ನೊಂದು ವಾದ ಶಾಂತಸಾಗರದ ದ್ವೀಪಗಳಿಂದ ಬಂದುದು. ಪುಕಾಪುಕಾ ಮತ್ತು ಟೊಕೆಲಾವು ಎಂಬ ದ್ವೀಪಗಳ ಜನರನ್ನು ಕುರಿತ ಅಧ್ಯಯನವೊಂದು ೧೯೮೧ರಲ್ಲಿ ಪ್ರಕಟವಾಯಿತು. ಟೊಕೆಲಾವಿನವರಿಗೆ ಆಹಾರದ ಶಕ್ತಿಯಲ್ಲಿ ನೂರಕ್ಕೆ ೬೩ ಪಾಲು, ಪುಕಾಪುಕಾದವರಿಗೆ ೩೪ ಪಾಲು ತೆಂಗಿನಿಂದಲೇ ದೊರೆಯುತ್ತಿತ್ತು. ಆದರೂ ಆ ಜನರಲ್ಲಿ ರಕ್ತನಾಳದ ರೋಗಗಳು ವಿರಳ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಮುಂದಿನದನ್ನು ಹೇಳುವುದಿಲ್ಲ. ತೆಂಗನ್ನು ಹೆಚ್ಚು ತಿನ್ನುತ್ತಿದ್ದ ಟೊಕೆಲಾವಿನವರ ಕೊಲೆಸ್ಟರಾಲ್ ಪುಕಾಪುಕಾದವರದಕ್ಕಿಂತ ಹೆಚ್ಚಾಗಿಯೇ ಇತ್ತು. ಅವರು ತಿನ್ನುತ್ತಿದ್ದುದು ನಾರುಳ್ಳ ಇಡೀ ತಿರುಳು, ಅದರೊಡನೆ ಮೀನು, ಸಕ್ಕರೆ ಅತ್ಯಲ್ಪ, ದುಡಿಮೆ ದಿನವೆಲ್ಲ. ಕುರ್ಚಿಯಲ್ಲಿ ಕುಳಿತು, ಸಿಹಿ ಕಾಫಿಯೊಡನೆ ಕರಿದ ತಿಂಡಿಯನ್ನು ತಿನ್ನುವವನು ಕೊಬ್ಬರಿ ಎಣ್ಣೆಯೊಂದನ್ನು ಎರವಲು ತಂದುಕೊಂಡ ಮಾತ್ರಕ್ಕೆ ದ್ವೀಪವಾಸಿಯ ಹೃದಯವನ್ನು ಪಡೆಯಲಾರನು.

ಲಾರಿಕ್ ಆಮ್ಲ ಕ್ರಿಮಿಗಳನ್ನು ಕೊಲ್ಲುತ್ತದೆಂಬುದೂ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ನಿಜವೇ. ಆದರೆ ನುಂಗಿದ ಎಣ್ಣೆ ಜೀರ್ಣವಾಗಿ ಹೋದಮೇಲೆ ಶ್ವಾಸಕೋಶದಲ್ಲಿಯೋ ರಕ್ತದಲ್ಲಿಯೋ ಇರುವ ಕ್ರಿಮಿಯನ್ನು ಅದು ಕೊಲ್ಲುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ. ಮರೆವಿನ ರೋಗ ಇದರಿಂದ ಗುಣವಾಗುತ್ತದೆಂಬುದಕ್ಕೂ ನಂಬಲರ್ಹವಾದ ಸಾಕ್ಷ್ಯ ದೊರೆತಿಲ್ಲ.

ವಿಷವೆಂಬ ಮಾತು ಬಂದ ದಾರಿ

ಎದುರು ಪಕ್ಷದವರ ಮಾತೂ ನಿಷ್ಕಳಂಕವಾದುದಲ್ಲ. ಅಮೆರಿಕದಲ್ಲಿ ೧೯೮೦ರ ದಶಕದ ಉತ್ತರಾರ್ಧದಲ್ಲಿ ಸೋಯಾ ಬೆಳೆಗಾರರ ಸಂಘ ತೆಂಗು ಮತ್ತು ತಾಳೆ ಎಣ್ಣೆಗಳ ವಿರುದ್ಧ ಪ್ರಚಾರವನ್ನು ಕೈಕೊಂಡಿತು. ಹೃದಯಾಘಾತದಿಂದ ಬದುಕಿ ಉಳಿದಿದ್ದ ಫಿಲ್ ಸೊಕೊಲೊಫ್ ಎಂಬ ಉದ್ಯಮಿ ೧೯೮೮ರಿಂದ ಸ್ವಂತ ಹಣದಿಂದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು, ಈ ಎಣ್ಣೆಗಳನ್ನು ತಿಂಡಿಗಳಿಂದ ತೆಗೆಯುವಂತೆ ಕಂಪನಿಗಳನ್ನು ಒತ್ತಾಯಿಸಿದನು. ಅವನ ಉದ್ದೇಶ ಪ್ರಾಮಾಣಿಕವಾದುದೇ. ಆದರೆ ಕಂಪನಿಗಳು ತೆಂಗಿನ ಎಣ್ಣೆಯ ಬದಲಿಗೆ ಬಹುಮಟ್ಟಿಗೆ ಬಳಸಿದ್ದು ಜಲಜನಕವನ್ನು ಹಾಯಿಸಿ ಗಟ್ಟಿಮಾಡಿದ ಸೋಯಾ ಎಣ್ಣೆಯನ್ನು. ಎಂದರೆ ನಮ್ಮ ವನಸ್ಪತಿಯಂತಹ ಕೊಬ್ಬನ್ನು. ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಪರ್ಯಾಪ್ತ ಕೊಬ್ಬಿಗಿಂತಲೂ ಕೆಟ್ಟದ್ದೆಂಬುದು ಅನಂತರ ಸಿದ್ಧವಾಯಿತು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಭಾರತದಲ್ಲಿ ೨೦೨೨ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ ಎರಡನ್ನು ಮೀರಕೂಡದೆಂಬ ನಿಯಮ ಜಾರಿಗೆ ಬಂದಿದೆ.

೨೦೧೮ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಕರಿನ್ ಮಿಷೆಲ್ಸ್ ತೆಂಗಿನ ಎಣ್ಣೆಯನ್ನು ಶುದ್ಧ ವಿಷವೆಂದು ಕರೆದ ಉಪನ್ಯಾಸ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು. ಪರ್ಯಾಪ್ತ ಕೊಬ್ಬಿನ ವಿಷಯದಲ್ಲಿ ಅವರು ಕೊಟ್ಟ ಎಚ್ಚರಿಕೆಗೆ ಆಧಾರವಿತ್ತು. ಅಮೆರಿಕದ ಹೃದಯ ಸಂಘವೂ ೨೦೧೭ರಲ್ಲಿ ಈ ಎಣ್ಣೆಯನ್ನು ಬಳಸದಿರುವುದು ಲೇಸೆಂದಿತ್ತು. ಆದರೆ ವಿಷವೆಂಬ ಪದಕ್ಕೆ ಆಧಾರವಿರಲಿಲ್ಲ. ವಿಷ ಹನಿಯಷ್ಟಾದರೂ ವಿಷವೇ ಎಂದು ಜನ ತಿಳಿಯುತ್ತಾರೆ. ಕೊಬ್ಬಿನಲ್ಲಿ ಪ್ರಮಾಣವೇ ಮುಖ್ಯ. ಅತಿಮಾತು ಸತ್ಯದ ಪರವಾಗಿಯೇ ಆಡಿದ್ದಾದರೂ ಸತ್ಯಕ್ಕೆ ಹಾನಿಯನ್ನೇ ಮಾಡುತ್ತದೆ. ಒಮ್ಮೆ ಅದು ಅತಿಯೆಂದು ತಿಳಿದವನು ಅದರೊಳಗಿನ ಕಾಳನ್ನೂ ಹೊಟ್ಟಿನೊಡನೆ ತೂರಿಬಿಡುತ್ತಾನೆ.

ಒಂದೇ ಪ್ರಯೋಗವನ್ನು ನಂಬಬಹುದೆ?

ಕೊಚ್ಚಿಯ ಅಮೃತ ವೈದ್ಯಕೀಯ ಸಂಸ್ಥೆಯಲ್ಲಿ ಹೃದ್ರೋಗವುಳ್ಳ ೨೦೦ ಮಂದಿಯನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ತೆಂಗಿನ ಎಣ್ಣೆಯಲ್ಲಿಯೂ ಮತ್ತೊಂದಕ್ಕೆ ಸೂರ್ಯಕಾಂತಿ ಎಣ್ಣೆಯಲ್ಲಿಯೂ ಎರಡು ವರ್ಷ ಅಡುಗೆ ಮಾಡಿಸಿ ನೋಡಿದರು. ಫಲಿತಾಂಶ ೨೦೧೬ರಲ್ಲಿ ಪ್ರಕಟವಾಯಿತು: ಎರಡು ಗುಂಪುಗಳಿಗೂ ಕೊಲೆಸ್ಟರಾಲಿನಲ್ಲಾಗಲಿ ಹೃದಯದ ಅಪಾಯಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತೆಂಗಿನ ನಾಡಿನವರಿಗೆ ಇದು ಸಂತೋಷದ ಸುದ್ದಿ. ಆದರೆ ಆ ರೋಗಿಗಳೆಲ್ಲರೂ ಕೊಲೆಸ್ಟರಾಲನ್ನು ಇಳಿಸುವ ಮಾತ್ರೆಯೇ ಮುಂತಾದ ಚಿಕಿತ್ಸೆಯಲ್ಲಿದ್ದರು. ಮಾತ್ರೆ ಎಣ್ಣೆಯ ಪರಿಣಾಮವನ್ನು ಮರೆಸಿರಬಹುದು. ೨೦೦ ಜನರ ಗುಂಪಿನಲ್ಲಿ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದೂ ಕಷ್ಟ. ಆದುದರಿಂದ ಈ ಪ್ರಯೋಗದಿಂದ “ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವ ರೋಗಿ ಮಿತವಾಗಿ ತೆಂಗಿನ ಎಣ್ಣೆ ತಿಂದರೆ ದೊಡ್ಡ ಅನಾಹುತ ಕಾಣಲಿಲ್ಲ” ಎಂದು ಹೇಳಬಹುದೇ ಹೊರತು, “ಎಣ್ಣೆ ತಿಂದರೆ ಮಾತ್ರೆ ಬೇಡ” ಎಂದು ಹೇಳುವಂತಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ನಾಲ್ಕು ವಾರ ದಿನಕ್ಕೆ ೫೦ ಗ್ರಾಂ ಬೆಣ್ಣೆ ತಿಂದವರ ಎಲ್.ಡಿ.ಎಲ್. ಏರಿತು, ಅಷ್ಟೇ ತೆಂಗಿನ ಎಣ್ಣೆ ತಿಂದವರದು ಏರಲಿಲ್ಲ. ಮೇಲೆ ಹೇಳಿದ ಸಿಂಗಪುರದ ಸಮೀಕ್ಷೆಗೆ ಇದು ವಿರುದ್ಧವಲ್ಲವೆ? ವಿರುದ್ಧದಂತೆ ಕಾಣುತ್ತದೆ, ಆದರೆ ಪ್ರಯೋಗಗಳು ಹಲವಾದಾಗ ಹೀಗಾಗುವುದು ಸಹಜ. ಒಂದೇ ಮರದ ಒಂದು ಕಾಯನ್ನು ಸುಲಿದು ನೋಡಿ ತೋಟದ ಇಳುವರಿಯನ್ನು ಹೇಳುವ ರೈತನಿಲ್ಲ. ಹಾಗೆಯೇ ಒಂದು ಪ್ರಯೋಗದ ಬಲದ ಮೇಲೆ ತೀರ್ಪು ಹೇಳುವುದಕ್ಕಿಂತ, ಎಲ್ಲವನ್ನೂ ಕೂಡಿಸಿ ನೋಡಿದ ಸಮೀಕ್ಷೆಗೆ ಹೆಚ್ಚಿನ ಬೆಲೆ ಕೊಡಬೇಕು. ಎಲ್ಲವನ್ನೂ ಕೂಡಿಸಿದಾಗ ದೊರೆಯುವ ತಾತ್ಪರ್ಯವಿಷ್ಟು: ಕಡಲೆಕಾಯಿ, ಸೂರ್ಯಕಾಂತಿ ಮುಂತಾದ ಎಣ್ಣೆಗಳಿಗಿಂತ ತೆಂಗಿನ ಎಣ್ಣೆ ಎಲ್.ಡಿ.ಎಲ್. ಅನ್ನು ಹೆಚ್ಚಿಸುತ್ತದೆ, ಬೆಣ್ಣೆಯಷ್ಟು ಹೆಚ್ಚಿಸುವಂತೆ ಕಾಣುವುದಿಲ್ಲ.

ಕಾಯಿ ಬೇರೆ, ಎಣ್ಣೆ ಬೇರೆ

ನಮ್ಮ ಮೂರು ತಾಲ್ಲೂಕುಗಳ ಅಡುಗೆಮನೆಗೂ ಮಂಗಳೂರು, ಕಾಸರಗೋಡು ಕಡೆಯ ಅಡುಗೆಮನೆಗೂ ಒಂದು ಭೇದವುಂಟು. ಅಲ್ಲಿ ಒಗ್ಗರಣೆಗೂ ಕರಿಯುವುದಕ್ಕೂ ತೆಂಗಿನ ಎಣ್ಣೆಯೇ ವಾಡಿಕೆ. ಇಲ್ಲಿ ಕೊಬ್ಬರಿ ಎಣ್ಣೆ ಹೆಚ್ಚಾಗಿ ತಲೆಗೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ತೆಂಗು ಹೊಟ್ಟೆಗೆ ಹೋಗುವುದು ಚಟ್ನಿ, ಸಾರು, ಪಲ್ಯ, ಒಬ್ಬಟ್ಟು, ಕೊಬ್ಬರಿ ಮಿಠಾಯಿಗಳ ರೂಪದಲ್ಲಿ. ತಿರುಳಿನಲ್ಲಿ ಕೊಬ್ಬಿನೊಡನೆ ನೀರೂ ನಾರೂ ಇರುತ್ತವೆ. ಬೇಗ ಹೊಟ್ಟೆ ತುಂಬುತ್ತದೆ. ಎಣ್ಣೆಯ ಮೇಲೆ ನಡೆದ ಪ್ರಯೋಗಗಳನ್ನು ತಿರುಳಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗದು. ಆದರೂ ತಿರುಳಿನ ಕೊಬ್ಬೂ ಕೊಬ್ಬೇ ಆದುದರಿಂದ ಲೆಕ್ಕವನ್ನು ಇಡಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಸೂಚನೆಯಂತೆ, ಆಹಾರದ ಒಟ್ಟು ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ನೂರಕ್ಕೆ ಹತ್ತನ್ನು ಮೀರಬಾರದು. ದಿನಕ್ಕೆ ೨೦೦೦ ಕಿಲೊಕ್ಯಾಲರಿ ಉಣ್ಣುವವನಿಗೆ ಇದು ಸುಮಾರು ೨೨ ಗ್ರಾಂ ಆಗುತ್ತದೆ. ಈಗ ಐವರ ಮನೆಯೊಂದನ್ನು ತೆಗೆದುಕೊಳ್ಳೋಣ. ದಿನಕ್ಕೆ ಒಂದು ಹೋಳು ತುರಿಯುತ್ತಾರೆ. ತುರಿ ೧೫೦ ಗ್ರಾಂ ಆಯಿತೆನ್ನಿ. ಅದರಲ್ಲಿ ಸುಮಾರು ೫೫ ಗ್ರಾಂ ಕೊಬ್ಬು. ಪರ್ಯಾಪ್ತವಾದುದು ೫೦ ಗ್ರಾಂ. ಐವರಿಗೆ ಹಂಚಿದರೆ ತಲೆಗೆ ೧೦ ಗ್ರಾಂ. ಒಗ್ಗರಣೆಯ ೨೦ ಗ್ರಾಂ ಕಡಲೆಕಾಯಿ ಎಣ್ಣೆಯಿಂದ ೪ ಗ್ರಾಂ. ಇಲ್ಲಿಗೆ ೧೪ ಗ್ರಾಂ. ಮಿತಿಯೊಳಗೇ ಇದ್ದೇವೆ. ಅನ್ನದ ಮೇಲೆ ಒಂದು ದೊಡ್ಡ ಚಮಚ ತುಪ್ಪ ಬಿದ್ದರೆ ಇನ್ನೂ ೮ ಗ್ರಾಂ. ಅಲ್ಲಿಗೆ ಮಿತಿ ಮುಗಿಯಿತು. ಇದಾದಮೇಲೆ ಮೊಬೈಲಿನ ಸಂದೇಶವನ್ನು ನಂಬಿ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಯನ್ನು ಕುಡಿದರೆ ೨೪ ಗ್ರಾಂ ಒಮ್ಮೆಗೇ ಸೇರಿ, ಮಿತಿ ಇಮ್ಮಡಿಯನ್ನೂ ದಾಟುತ್ತದೆ.

ಒಣಗಿದ ಕೊಬ್ಬರಿಯಲ್ಲಿ ನೀರು ಹೋಗಿರುವುದರಿಂದ ಕೊಬ್ಬು ಇನ್ನೂ ಸಾಂದ್ರವಾಗಿರುತ್ತದೆ. ನೂರು ಗ್ರಾಂಗೆ ಅರುವತ್ತು ಗ್ರಾಂಗಿಂತ ಹೆಚ್ಚು. ಕೊಬ್ಬರಿ ಸುಲಿಯುವ ದಿನಗಳಲ್ಲಿ ಬೆಲ್ಲದೊಡನೆ ಚೂರುಗಳನ್ನು ಮೆಲ್ಲುತ್ತ ಕುಳಿತವರು ಇದನ್ನು ನೆನೆಯಬೇಕು. ಮೈಮುರಿದು ದುಡಿಯುವ ಆರೋಗ್ಯವಂತನಿಗೆ ಸಾರಿನ ಕಾಯಿಯಿಂದ ಭಯವಿಲ್ಲ. ಹೃದ್ರೋಗವಿರುವವರೂ, ಎಲ್.ಡಿ.ಎಲ್. ಹೆಚ್ಚಾಗಿರುವವರೂ ಹೋಳನ್ನು ಕಾಲುಭಾಗಕ್ಕೆ ಇಳಿಸಿ, ತುಪ್ಪ, ಬೆಣ್ಣೆ, ಬೇಕರಿ ತಿಂಡಿಗಳನ್ನು ದೂರವಿಟ್ಟು, ತಮ್ಮ ಪ್ರಮಾಣವನ್ನು ವೈದ್ಯರಿಂದ ಗೊತ್ತುಮಾಡಿಕೊಳ್ಳುವುದು ಉಚಿತ. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಕೂಡದು.

ಎಳನೀರಿನ ಎರಡು ಎಚ್ಚರಿಕೆಗಳು

ಎಣ್ಣೆಯ ವಿಷಯದಲ್ಲಿ ವಾದವಿದ್ದರೂ ಎಳನೀರಿನ ವಿಷಯದಲ್ಲಿ ಎಲ್ಲರಿಗೂ ಒಮ್ಮತ: ಅದು ಯಾರಿಗೂ ಕೆಡುಕು ಮಾಡದೆಂಬ ನಂಬಿಕೆ. ಬಹುಜನಕ್ಕೆ ಇದು ನಿಜ. ಆದರೆ ಎರಡು ಸಂದರ್ಭಗಳಲ್ಲಿ ಈ ನಂಬಿಕೆ ಅಪಾಯಕಾರಿ.

ಮೊದಲನೆಯದು ವಾಂತಿಭೇದಿ. ಭೇದಿಯಾದ ಮಗುವಿನ ದೇಹದಿಂದ ನೀರಿನೊಡನೆ ಸೋಡಿಯಂ ಲವಣ ಹೇರಳವಾಗಿ ಹೊರಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಬಹಳ ಕಡಮೆ. ಕಳೆದುಹೋದುದನ್ನು ಅದೊಂದೇ ತುಂಬಿಕೊಡಲಾರದು. ಇದಕ್ಕೆ ಸರಿಯಾದ ಮದ್ದು ಓ.ಆರ್.ಎಸ್. ದ್ರಾವಣ. ಒಂದು ಲೀಟರ್ ಶುದ್ಧ ನೀರಿಗೆ ೧೩.೫ ಗ್ರಾಂ ಗ್ಲೂಕೋಸ್, ೨.೬ ಗ್ರಾಂ ಅಡುಗೆ ಉಪ್ಪು, ೨.೯ ಗ್ರಾಂ ಸೋಡಿಯಂ ಸಿಟ್ರೇಟ್, ೧.೫ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಸೋಡಿಯಮ್ಮನ್ನು ಒಳಕ್ಕೆಳೆದುಕೊಳ್ಳುತ್ತದೆ. ಅದರ ಹಿಂದೆಯೇ ನೀರೂ ಹೋಗುತ್ತದೆ. ೧೯೭೧ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಇಂತಹ ದ್ರಾವಣವನ್ನು ಕುಡಿಸಿಯೇ ಕಾಲರಾದಿಂದ ಸಾಯುತ್ತಿದ್ದ ಅಸಂಖ್ಯಾತ ಜನರನ್ನು ಉಳಿಸಿದರು. ಪೊಟ್ಟಣವನ್ನು ಕೊಳ್ಳುವಾಗಲೂ ಎಚ್ಚರ ಬೇಕು. ಸಕ್ಕರೆ ತುಂಬಿದ ಪಾನೀಯಗಳು ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೊತ್ತು ಮಾರಾಟವಾಗುತ್ತಿದ್ದುವು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಇದನ್ನು ವಿರೋಧಿಸಿದರು. ಕೊನೆಗೆ ೨೦೨೫ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರ ಆ ಅಕ್ಷರಗಳ ದುರುಪಯೋಗವನ್ನು ನಿಷೇಧಿಸಿತು. ಆರೋಗ್ಯ ಕೇಂದ್ರದಲ್ಲಿ ದೊರೆಯುವ ಪೊಟ್ಟಣವೇ ನಂಬಿಕೆಗೆ ಅರ್ಹ. ಅದರೊಡನೆ ಎಳನೀರನ್ನೂ ಕೊಟ್ಟರೆ ತಪ್ಪಿಲ್ಲ. ಅದರ ಬದಲಿಗೆ ಎಳನೀರನ್ನೇ ಕೊಡುವುದು ತಪ್ಪು.

ಎರಡನೆಯದು ಮೂತ್ರಪಿಂಡದ ರೋಗ. ರಕ್ತದಲ್ಲಿ ಹೆಚ್ಚಾದ ಪೊಟ್ಯಾಸಿಯಮ್ಮನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ. ಅದು ಸೋತಾಗ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಾಳತಪ್ಪಿ, ನಿಂತೂಹೋಗಬಹುದು. ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು ೨೫೦ ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ದೊಡ್ಡದೊಂದು ಎಳನೀರಿನಲ್ಲಿ ೭೦೦ ಮಿಲಿಗ್ರಾಂವರೆಗೂ ಸಿಗಬಹುದು. ಡಯಾಲಿಸಿಸ್ ಚಿಕಿತ್ಸೆಯಲ್ಲಿರುವವರನ್ನು ನೋಡಲು ಹೋಗುವಾಗ ಪ್ರೀತಿಯಿಂದ ಎಳನೀರನ್ನು ಕೊಂಡೊಯ್ಯುವುದು ನಮ್ಮಲ್ಲಿ ರೂಢಿ. ಆ ಪ್ರೀತಿಯೇ ಅವರಿಗೆ ಮುಳುವಾಗಬಹುದು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಕೆಲವು ಮಾತ್ರೆಗಳೂ ಪೊಟ್ಯಾಸಿಯಮ್ಮನ್ನು ಏರಿಸುತ್ತವೆ. ಅಂತಹವರು ದಿನವೂ ಎಳನೀರು ಕುಡಿಯುವುದಾದರೆ ವೈದ್ಯರನ್ನು ಕೇಳಿ ಕುಡಿಯಬೇಕು.

ಬೂಷ್ಟು ಮತ್ತು ಶೀಸೆ

ಇನ್ನೊಂದು ಅಪಾಯದ ವಿಷಯ ಯಾವ ಸಂದೇಶದಲ್ಲಿಯೂ ಬರುವುದಿಲ್ಲ, ಅದು ಬೂಷ್ಟು. ಇಂಗ್ಲೆಂಡಿನಲ್ಲಿ ೧೯೬೦ರಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿಕೋಳಿಗಳು ಸತ್ತಾಗ ಅಫ್ಲಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂತು. ೧೯೭೪ರಲ್ಲಿ ಪಶ್ಚಿಮ ಭಾರತದಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಸರಿಯಾಗಿ ಒಣಗದ ಕೊಬ್ಬರಿಯಲ್ಲಿಯೂ ಈ ಶಿಲೀಂಧ್ರ ಬೆಳೆಯುತ್ತದೆ. ಬೇಯಿಸಿದರೂ ಹುರಿದರೂ ಆ ವಿಷ ಪೂರ್ತಿಯಾಗಿ ನಾಶವಾಗುವುದಿಲ್ಲ. ತೇವಾಂಶ ನೂರಕ್ಕೆ ಆರಕ್ಕಿಂತ ಕಡಮೆಯಿದ್ದರೆ ಕೊಬ್ಬರಿ ಕೆಡದೆ ಉಳಿಯುತ್ತದೆ. ಚಿಪ್ಪಿನೊಳಗೇ ನಿಧಾನವಾಗಿ ಒಣಗುವ ಉಂಡೆ ಕೊಬ್ಬರಿಗೆ ಇದರಲ್ಲಿ ಅನುಕೂಲವುಂಟು; ಒಡೆದು ಮಳೆಗಾಲದಲ್ಲಿ ಅರೆಬರೆ ಒಣಗಿಸಿದುದಕ್ಕೆ ಅಪಾಯ ಹೆಚ್ಚು. ಹಸುರು ಹಳದಿ ಬೂಷ್ಟು ಕಂಡ ಚೂರನ್ನು ಒರೆಸಿ ಒಗ್ಗಿಸಿಕೊಳ್ಳದೆ ಎಸೆಯುವುದೇ ಲೇಸು, ದನಕ್ಕೂ ಹಾಕಬಾರದು.

ಎಣ್ಣೆಯನ್ನು ಕೊಳ್ಳುವಾಗ ಶೀಸೆಯ ಮೇಲಿನ ಬರೆಹವನ್ನು ಓದಬೇಕು. ಖಾದ್ಯ ತೈಲವೆಂದು ಬರೆದಿದೆಯೆ? ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇದೆಯೆ? ತಲೆಗೆ ಹಚ್ಚುವುದಕ್ಕೆಂದು ಮಾರುವ ಎಣ್ಣೆಯನ್ನು ಅಡುಗೆಗೆ ಬಳಸುವುದು ಯುಕ್ತವಲ್ಲ. ಎಣ್ಣೆಯನ್ನು ಶೀತಪೆಟ್ಟಿಗೆಯಲ್ಲಿ ಅರ್ಧಗಂಟೆ ಇಟ್ಟರೆ ತೆಂಗಿನ ಎಣ್ಣೆ ಗಟ್ಟಿಯಾಗಿ, ಬೆರಕೆಯ ಎಣ್ಣೆ ಬೇರೆ ಪದರವಾಗಿ ನಿಲ್ಲುತ್ತದೆಂಬ ಪರೀಕ್ಷೆ ಉಪಯುಕ್ತವಾದುದೇ. ಆದರೆ ತಾಳೆಬೀಜದ ಎಣ್ಣೆಯನ್ನು ಬೆರಸಿದ್ದರೆ ಈ ಪರೀಕ್ಷೆ ಸೋಲುತ್ತದೆ. ಅದರಲ್ಲಿಯೂ ಅರ್ಧದಷ್ಟು ಲಾರಿಕ್ ಆಮ್ಲವೇ ಇರುವುದರಿಂದ ಅದೂ ಗಟ್ಟಿಯಾಗುತ್ತದೆ. ಗಾಣದ ಎಣ್ಣೆಯ ಪರಿಮಳ ಚೆನ್ನ. ಅದರ ಪರ್ಯಾಪ್ತ ಕೊಬ್ಬು ಮಾತ್ರ ಗಿರಣಿಯ ಎಣ್ಣೆಯದರಷ್ಟೇ.

ತೂಗುವ ಐದು ಬಟ್ಟುಗಳು

ಇಷ್ಟನ್ನು ನೋಡಿದಮೇಲೆ, ನಾಳೆ ಬರುವ ಹೊಸ ಸಂದೇಶವನ್ನು ತೂಗಲು ವಾಚಕರ ಕೈಯಲ್ಲಿ ಐದು ಪ್ರಶ್ನೆಗಳಿರುತ್ತವೆ. ಹೇಳಿದವರು ಯಾರು, ಜನ ಅದನ್ನು ನಂಬಿದರೆ ಲಾಭ ಯಾರಿಗೆ? ಪ್ರಯೋಗ ನಡೆದದ್ದು ಗಾಜಿನ ತಟ್ಟೆಯಲ್ಲಿಯೆ, ಇಲಿಯಲ್ಲಿಯೆ, ಮನುಷ್ಯನಲ್ಲಿಯೆ? ಪ್ರಯೋಗಿಸಿದ ವಸ್ತುವೂ ನಮಗೆ ಮಾರುತ್ತಿರುವ ವಸ್ತುವೂ ಒಂದೆಯೆ? ಯಾವುದಕ್ಕೆ ಹೋಲಿಸಿ ಒಳ್ಳೆಯದು ಅಥವಾ ಕೆಟ್ಟದ್ದು ಎಂದರು? ಎಷ್ಟು ಪ್ರಮಾಣದಲ್ಲಿ? ಈ ಐದಕ್ಕೂ ಉತ್ತರವಿಲ್ಲದ ಮಾತನ್ನು ಇನ್ನೊಬ್ಬರಿಗೆ ಕಳುಹಿಸದಿರುವುದೇ ಒಂದು ಸಮಾಜಸೇವೆ. ಔಷಧವನ್ನು ಬಿಡಿರೆಂದು ಹೇಳುವ ಸಂದೇಶಕ್ಕಂತೂ ಬೇರೆ ಪರೀಕ್ಷೆ ಬೇಡ.

ನೆಚ್ಚಬಹುದಾದ ಮಾಹಿತಿ ದೂರದಲ್ಲಿಲ್ಲ. ೧೯೧೮ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ನರು ಆರಂಭಿಸಿದ ಸಂಶೋಧನೆಯಿಂದ ಬೆಳೆದುಬಂದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯರ ಆಹಾರಕ್ಕೆ ೨೦೨೪ರಲ್ಲಿ ಪರಿಷ್ಕೃತ ಮಾರ್ಗಸೂಚಿಯನ್ನು ಹೊರಡಿಸಿದೆ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಎಣ್ಣೆಗಳನ್ನು ಬದಲಿಸುತ್ತ ಮಿತವಾಗಿ ಬಳಸಬೇಕೆಂಬುದು ಅದರ ಸಲಹೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನು ಅಳೆಸಿಕೊಳ್ಳುವುದು, ವೈದ್ಯರ ಸಲಹೆಯಂತೆ ಕೊಲೆಸ್ಟರಾಲನ್ನು ಪರೀಕ್ಷಿಸಿಕೊಳ್ಳುವುದು, ಹೊಗೆಸೊಪ್ಪನ್ನು ಬಿಡುವುದು—ಇವುಗಳಿಂದಾಗುವ ಪ್ರಯೋಜನ ಎಣ್ಣೆಯ ವಾದವಿವಾದಗಳಿಂದ ಆಗುವುದಕ್ಕಿಂತ ಬಹಳ ದೊಡ್ಡದು.

ತೆಂಗನ್ನು ಹೊಗಳಿದರೆ ನಮ್ಮ ನಾಡಿಗೆ ಸಂತೋಷವಾಗುವುದು ಸಹಜ. ಹೊಗಳಿಕೆಯಿಂದ ಧಾರಣೆ ಏರಬಹುದು. ಮೇಲಿನ ಮೊದಲ ಪ್ರಶ್ನೆ ಆದುದರಿಂದಲೇ ನಮಗೂ ಅನ್ವಯಿಸುತ್ತದೆ: ಈ ಮಾತಿನಲ್ಲಿ ಲಾಭವಿರುವವರು ನಾವೇ. ತನ್ನ ಬೆಳೆಯ ಗುಣವನ್ನೂ ಮಿತಿಯನ್ನೂ ಒಂದೇ ದನಿಯಲ್ಲಿ ಹೇಳಬಲ್ಲ ನಾಡಿನ ಮಾತನ್ನು ಕೊಳ್ಳುವವರು ನಂಬುತ್ತಾರೆ. ರುಚಿ, ನಾರು, ಶಕ್ತಿ, ಬಾಯಾರಿದವನಿಗೆ ಒಂದು ಎಳನೀರು—ಕಲ್ಪವೃಕ್ಷ ಇವೆಲ್ಲವನ್ನೂ ಕೊಡುತ್ತದೆ. ಮಾತ್ರೆಯ ಕೆಲಸವನ್ನು ಮಾತ್ರ ಅದರಿಂದ ಕೇಳಬಾರದು.